ಅಜ್ಜಿಗೆ ಜರ್ಮನ್‌ನಲ್ಲಿ ಬೇಡ ಅಂದದ್ದು

ಜರ್ಮನ್ ಪರೀಕ್ಷೆಯಲ್ಲಿ ನಾನು ಫೇಲಾದದ್ದು ಓದದೆ ಅಲ್ಲ. ಹನಗೋಡಿನ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಒರಳಿನಿಂದ ಉಪ್ಪಿನ ಡಬ್ಬಿಯ ತನಕ ಎಲ್ಲಕ್ಕೂ ಜರ್ಮನ್ ಹೆಸರಿನ ಚೀಟಿ ಅಂಟಿಸಿದ್ದೆ. ಹುಣಸೂರಿನ ಆಸ್ಪತ್ರೆಗೆ ನರ್ಸ್ ಡ್ಯೂಟಿಗೆ ಹೋಗುವಾಗ ಬಸ್ಸಿನಲ್ಲಿ ಮೊಬೈಲ್ ಪಾಠ ಕೇಳುತ್ತ, ಕೇಳಿದ್ದನ್ನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತವರು ಎದ್ದು ಬೇರೆ ಸೀಟಿಗೆ ಹೋದದ್ದೂ ಉಂಟು. ಓದು, ಬರಹ, ಕೇಳುವುದು ಎಲ್ಲದರಲ್ಲೂ ಒಳ್ಳೆಯ ಅಂಕ ಬಂತು. ಕೈಕೊಟ್ಟದ್ದು ಮಾತು.

ಮಾತಿನ ಪರೀಕ್ಷೆಯಲ್ಲಿ ಜೊತೆಗೊಬ್ಬ ಅಭ್ಯರ್ಥಿ ಇರುತ್ತಾರೆ. ಇಬ್ಬರೂ ಚರ್ಚೆ ಮಾಡಿ ಒಂದು ಕೆಲಸಕ್ಕೆ ದಿನ ಗೊತ್ತುಮಾಡಬೇಕು. ನನಗೆ ಜೊತೆಯಾದವರು ಪಿರಿಯಾಪಟ್ಟಣದ ಶಶಿಕುಮಾರ್, ನನಗಿಂತ ತುಂಬ ಹಿರಿಯರು. ಅವರು ಸೋಮವಾರ ಅಂದರು, ನಾನು 'ಯಾ, ಗೂಟ್', ಅಂದರೆ ಹೂಂ, ಆಗಲಿ ಅಂದೆ. ಬೆಳಿಗ್ಗೆ ಅಂದರು, ಅದಕ್ಕೂ ಯಾ, ಗೂಟ್. ದೊಡ್ಡವರಿಗೆ ಎದುರಾಡದೆ ಬೆಳೆದ ನಾಲಿಗೆ ನನ್ನದು. ಭಾಷೆ ಬದಲಾದದ್ದು ಅದಕ್ಕೆ ಗೊತ್ತೇ ಆಗಲಿಲ್ಲ.

ನಡೆದದ್ದನ್ನು ಕೇಳಿ ಮೈಸೂರಿನ ನಮ್ಮ ಆನ್‌ಲೈನ್ ಟೀಚರ್ ಆಯೇಷಾ ಬೈದರು. "ತಲೆಯಾಡಿಸೋಕೆ ಯಾರು ಅಂಕ ಕೊಡ್ತಾರೆ, ನೀಲಾಂಬಿಕೆ? ಬೇಡ ಅನ್ನಿ, ಕಾರಣ ಕೊಡಿ, ಬೇರೆ ದಾರಿ ಹೇಳಿ. ಮನೇಲಿ ಯಾರ ಹತ್ರ ಆದ್ರೂ ಅಭ್ಯಾಸ ಮಾಡಿ."

ಮತ್ತೆ ಪರೀಕ್ಷೆ ಕಟ್ಟಿದೆ. ಈ ಸಲವೂ ಹೋದರೆ, ನನ್ನನ್ನು ನರ್ಸ್ ಕೆಲಸಕ್ಕೆ ಆರಿಸಿರುವ ಜರ್ಮನಿಯ ಆಸ್ಪತ್ರೆ ನನಗಾಗಿ ಕಾಯುವುದಿಲ್ಲ. ನಾನು ಬಿಡುವವಳೂ ಅಲ್ಲ.

ಅಭ್ಯಾಸಕ್ಕೆ ನಮ್ಮಜ್ಜಿ ದೊಡ್ಡತಾಯಮ್ಮನನ್ನೇ ಹಿಡಿದೆ. ಅವಳೆದುರು ನಮ್ಮಪ್ಪ ಕೂಡ ಉಸಿರೆತ್ತುವವನಲ್ಲ. ಹೊಗೆಸೊಪ್ಪಿನ ಕಾಲ. ಡ್ಯೂಟಿ ಮುಗಿಸಿ ಬಂದ ಸಂಜೆ, ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮುಂದೆ ಕೂತು ಇಬ್ಬರೂ ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದೆವು. ಅಜ್ಜಿ "ಕಾಪಿ ಕಾಸವ್ವ" ಅಂದರೆ ನಾನು ಜರ್ಮನ್‌ನಲ್ಲಿ, "ನೈನ್, ಬೇಡ, ತುಂಬ ಸೆಖೆ, ಮಜ್ಜಿಗೆ ಕುಡಿಯೋಣ" ಅನ್ನುತ್ತಿದ್ದೆ. ಅನ್ನುತ್ತಲೇ ಎದ್ದು ಹೋಗಿ ಕಾಫಿ ಕಾಸುತ್ತಿದ್ದೆ.

"ಅದೇನು ಮಂತ್ರ ಯೋಳ್ತೀಯೋ, ಕಾಪಿ ಮಾತ್ರ ಚೆಂದಾಗಿರ್ತದೆ ಕಣೇ" ಎಂದು ಅಜ್ಜಿ ನಗುತ್ತಿದ್ದಳು.

ಪರೀಕ್ಷೆ ಶನಿವಾರ, ಬೆಂಗಳೂರಿನಲ್ಲಿ. ಗುರುವಾರ ಅಜ್ಜಿ ಎಲೆ ಕಟ್ಟುತ್ತಲೇ ಹೇಳಿದಳು, "ಶನಿವಾರ ಮಂಟಯ್ಯನ ಮನೇಲಿ ಸೊಪ್ಪು ಕಟ್ಟಾದು. ನಾವಿಬ್ರೂ ಬತ್ತೀವಿ ಅಂದಿವ್ನಿ."

ಮುಯ್ಯಾಳು. ಹೋದ ವಾರ ಬೇಲಿಯಾಚೆಯ ಮಂಟಯ್ಯನ ಮನೆಯವರೆಲ್ಲ ಬಂದು ನಮಗೆ ಕಟ್ಟಿಕೊಟ್ಟಿದ್ದರು. ಆ ಕೆಲಸವನ್ನು ಕೆಲಸದಿಂದಲೇ ತೀರಿಸಬೇಕು. ಊರಲ್ಲಿ ಯಾರೂ ತಪ್ಪಿಸುವುದಿಲ್ಲ. ನನ್ನ ಬಾಯಿಂದ "ಹೂಂ ಅಜ್ಜಿ" ಅಂತ ಬಂದೇಬಿಟ್ಟಿತು.

ನನ್ನ ಮೇಲೆ ನನಗೇ ಮೈಯುರಿಯಿತು. ಇಷ್ಟು ದಿನದ ಅಭ್ಯಾಸವೆಲ್ಲ ನೀರಲ್ಲಿ ಮಾಡಿದ ಹೋಮ! ಕೇಳುವವರಿಗೆ ಅರ್ಥವಾಗದ ಭಾಷೆಯಲ್ಲಿ ಬೇಡ ಅನ್ನುವುದು ಯಾವ ದೊಡ್ಡಸ್ತಿಕೆ? ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟೆ.

"ಇಲ್ಲ ಅಜ್ಜಿ, ಶನಿವಾರ ನಾನು ಬರಾಕಿಲ್ಲ. ಪರೀಕ್ಷೆ ಅದೆ. ಭಾನುವಾರ ಬೆಳಗಿಂದ ಸಂಜೆಗಂಟ ನಾನೊಬ್ಳೇ ಅವರಿಗೆ ಕಟ್ಕೊಡ್ತೀನಿ."

 ಟೀಚರ್ ಹೇಳಿಕೊಟ್ಟಂತೆ ಪೂರ್ತಿ ಹೇಳಿದೆ.

ಅಜ್ಜಿಯ ಕೈ ನಿಂತಿತು. "ಮಾತು ಕೊಟ್ಟಿವ್ನಿ ಕಣೇ."

"ನನ್ನ ಕೇಳ್ದೆ ಕೊಟ್ಟೆ ಅಜ್ಜಿ."

ಬೈಗುಳಕ್ಕೆ ಕಾದೆ. ಅಜ್ಜಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೀರೆ ಕೊಡವಿಕೊಂಡು ಎದ್ದಳು.

"ನಮ್ಮಪ್ಪನೂ ಅಂಗೇಯ, ನನ್ನ ಕೇಳ್ದೇನೇ ಈ ಮನೆಗೆ ಮಾತು ಕೊಟ್ಬುಟ್ಟ" ಅಂದಳು. "ಇದನ್ನೇ ಕೇಳ್ಬೇಕು ಅಂತ ನಂಗೂ ಬಾಯಿಗಂಟ ಬಂದಿತ್ತು ಕಣವ್ವ. ಆಡಾಕೆ ಧೈರ್ಯ ಬರ್ನಿಲ್ಲ."

ನನಗೆ ಕಣ್ಣು ತುಂಬಿ ಬಂತು. ಕಣ್ಣೊರೆಸಿಕೊಳ್ಳುವ ಮೊದಲೇ ಅಜ್ಜಿ ಬೇಲಿ ದಾಟಿ ಮಂಟಯ್ಯನ ಅಂಗಳಕ್ಕೆ ಹೋಗಿಯಾಗಿತ್ತು. ಅವಳ ದನಿ ನಾನು ಕೂತಲ್ಲಿಗೂ ಕೇಳಿತು.

"ಮಂಟಯ್ಯ, ಶನಿವಾರ ನಮ್ಮ ಮಗು ಬರಾಕಿಲ್ಲ ಕಣಪ್ಪ!"