ಆಣೆಯ ಶಿಲುಬೆ

ಬೆಳಿಗ್ಗೆ ತಮ್ಮನ ಹೆಂಡತಿ ಆನ್ಸಿಲ್ಲಾಳ ಫೋನು ಬಂದಾಗ ಆಂಬ್ರೋಸ್ ಚಾ ಕುಡಿಯುತ್ತಿದ್ದರು. ತಮ್ಮ ವಿಲ್ಫ್ರೆಡ್ ಎದೆನೋವು ಬಂದು ತೀರಿಕೊಂಡಿದ್ದ. ಅಳು ಬರುವ ಮೊದಲು ಅವರಿಗೆ ಹೆದರಿಕೆ ಬಂತು. ನಾನೇ ಕೊಂದೆನೇ?

ಹನ್ನೊಂದು ವರ್ಷದ ಹಿಂದೆ ವಿಲ್ಫ್ರೆಡ್ 'ಗಡಿನಾಡ ಬಡವರ ಪಕ್ಷ' ಕಟ್ಟಿದ್ದ. ಜೀಪಿನ ಮೇಲೆ ನಿಂತು, "ದೊಡ್ಡವರಿಗೆ ಗಡಿಯ ಆಚೆ ಈಚೆ ಎರಡೆರಡು ರಾಜ್ಯ ಉಂಟು, ನಮಗೆ ಎಂತ ಉಂಟು?" ಎಂದು ಕೇಳಿದರೆ ಪೆರ್ಲ ಪೇಟೆಯಲ್ಲಿ ಬಸ್ಸೂ ನಿಲ್ಲುತ್ತಿತ್ತು. ಆ ಸಲ ಪಂಚಾಯತಿನಲ್ಲಿ ನಾಲ್ಕು ಸೀಟು ಬಂತು. ಗೆದ್ದ ಮೇಲೆ ಯಾರೂ ಕೈಬಿಡಬಾರದಲ್ಲ? ಇಗರ್ಜಿಯ ವಾರ್ಡಿನ ಹಿರಿಯರಾಗಿ ಪ್ರಾರ್ಥನೆ ನಡೆಸುವ ಗುರ್ಕಾರರಾಗಿದ್ದ ಆಂಬ್ರೋಸ್, ತಮ್ಮನ ಮನೆಯ ದೇವರ ಪೀಠದಿಂದ ಶಿಲುಬೆ ಇಳಿಸಿ ಮನೆಮನೆಗೆ ಒಯ್ದರು. ಒಬ್ಬೊಬ್ಬರೂ ಅದರ ಮೇಲೆ ಕೈಯಿಟ್ಟು ಆಣೆ ಹಾಕಿದರು: ಪಕ್ಷ ಬಿಟ್ಟರೆ ನನ್ನ ರಕ್ತಸಂಬಂಧದಲ್ಲಿ ಹೆಣ ಬೀಳಲಿ.

ಹೇಳಿದ ನೀರು ಬರಲಿಲ್ಲ, ರಸ್ತೆ ಬರಲಿಲ್ಲ. ಮುಂದಿನ ಚುನಾವಣೆಯಲ್ಲಿ ಒಂದೇ ಸೀಟು. ಮೊದಲು ಬಿಟ್ಟವರು ಆಂಬ್ರೋಸರೇ. ವಿಲ್ಫ್ರೆಡ್ ಬೈಯಲಿಲ್ಲ. "ಅಣ್ಣ, ಆಣೆ ನೆನಪುಂಟಲ್ಲ?" ಎಂದಷ್ಟೇ ಕೇಳಿದ. ಅಂದಿನಿಂದ ಇಗರ್ಜಿಯಲ್ಲಿ ಮರಣದ ಗಂಟೆ ಬಡಿದಾಗಲೆಲ್ಲ, ಸತ್ತದ್ದು ತಮ್ಮನೋ ಎಂದು ಆಂಬ್ರೋಸ್ ಹೆದರುತ್ತಿದ್ದರು. ಕಳೆದ ವರ್ಷ ಪಕ್ಷದಿಂದ ಚುನಾವಣೆಗೆ ನಿಂತ ರೂಬೆನ್‌ಗೆ ಬಿದ್ದದ್ದು ಏಳು ವೋಟು.

ಈಗ ತಮ್ಮನ ಮನೆಯಲ್ಲಿ, ಪೀಠಕ್ಕೆ ಮರಳಿದ್ದ ಆ ಶಿಲುಬೆಯನ್ನು ತೆಗೆದು ಅವನ ಕೈಗಳ ನಡುವೆ ಇಡಬೇಕಿತ್ತು. ಅದು ಗುರ್ಕಾರರ ಕೆಲಸ. ಅಂಗಳ ತುಂಬ ಜನ. ಎಲ್ಲರೂ ಒಂದು ಕಾಲದಲ್ಲಿ ಅದನ್ನು ಮುಟ್ಟಿದವರೇ. ಒಬ್ಬರೂ ಪೀಠದ ಹತ್ತಿರ ಹೋಗಲಿಲ್ಲ.

"ನೀವೇ ತೆಗೆಯಿರಿ ಮಾರಾಯ್ರೇ," ಎಂದ ರೂಬೆನ್. "ಮನೆಮನೆಗೆ ಹೊತ್ತದ್ದು ನೀವೇ ಅಲ್ವಾ?"

ಆಂಬ್ರೋಸ್ ಚಾಚಿದ ಕೈಯನ್ನು ಹಿಂದೆ ತೆಗೆದರು. "ನನ್ನಿಂದ ಆಗುವುದಿಲ್ಲ ಆನ್ಸಿಲ್ಲಾ. ಆಣೆ ಮುರಿದವ ನಾನು. ಹೆಣ ಬಿದ್ದದ್ದು ಇವನದ್ದು."

ಆನ್ಸಿಲ್ಲಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಎಂತ ಮಾತು ಭಾವ! ಕಳೆದ ಸಲ ನಿಮ್ಮ ತಮ್ಮನೂ ಸ್ವಂತ ಪಕ್ಷ ಬಿಟ್ಟು ಬೇರೆ ಗುರುತಿಗೆ ಒತ್ತಿ ಬಂದಿದ್ದರು. ಮತ್ತೆ ಗಂಟೆ ಬಡಿದರೆ ಸಾಕು, ಎದ್ದು ಕೂರುವುದು. 'ಅಣ್ಣನಿಗೆ ಎಂತಾದರೂ ಆಯಿತಾ ನೋಡು' ಅಂತ ನನ್ನನ್ನು ಓಡಿಸುವುದು."

ಆಂಬ್ರೋಸ್ ತಮ್ಮನ ಮುಖ ನೋಡಿದರು. ಇಬ್ಬರೂ ಒಂದೇ ಗಂಟೆಗೆ ಹೆದರಿದ್ದರು, ಒಬ್ಬರಿಗೊಬ್ಬರು ಹೇಳದೆ. ಅವರು ಶಿಲುಬೆ ಇಳಿಸಿ ತಮ್ಮನ ತಣ್ಣಗಿನ ಬೆರಳುಗಳ ನಡುವೆ ಇಟ್ಟು ಮೊಣಕಾಲೂರಿದರು.

"ಸ್ವಾಮೀ, ನಿನ್ನ ಶಿಲುಬೆಯಿಂದ ಜನರನ್ನು ಹೆದರಿಸಿದೆವು, ಕ್ಷಮಿಸು. ಹೆದರಿ ಬದುಕಿದ ಈ ವಿಲ್ಫ್ರೆಡನಿಗೆ ಹೆದರಿಕೆ ಇಲ್ಲದ ವಿಶ್ರಾಂತಿ ಕೊಡು. ನಿನ್ನ ನಿತ್ಯದ ಬೆಳಕು ಅವನ ಮೇಲಿರಲಿ. ಆಮೆನ್."