ಉಡಿಗೆ ಹಾಕಿದ ಮಗ

ಗಾಜಿಪುರದ ಕಾಶಿರಾಯನಿಗೆ ನಲವತ್ಮೂರು ತುಂಬಿತ್ತು. ಆ ಮನೆಯ ಗಂಡಸರು ಯಾರೂ ನಲವತ್ತೈದು ದಾಟಿದವರಲ್ಲ. ಅಪ್ಪ ಊಟದ ತಾಟಿನ ಮುಂದೆಯೇ ಕುಸಿದಿದ್ದ. ಅಜ್ಜ ತೊಗರಿ ಚೀಲದ ಮೇಲೆ ಕೂತವನು ಮತ್ತೆ ಏಳಲಿಲ್ಲ. ಹಾಗಾಗಿ ತಾಯಿಯಿಲ್ಲದ ಮಗಳು ಅನ್ನಮ್ಮನಿಗೆ ಹನ್ನೊಂದು ವರ್ಷಕ್ಕೇ ಲಗ್ನ ಗೊತ್ತು ಮಾಡಿದ್ದ. ವರನಿಗೆ ಎರಡನೆಯ ಸಂಬಂಧ, ವಯಸ್ಸು ಮೂವತ್ತು. ತಾನು ಇರುವಾಗಲೇ ಆಕೆ ಒಂದು ಮನೆ ಸೇರಲಿ ಎಂಬ ಅವಸರ. ಇನ್ನು ಎಂಟೇ ದಿನ ಉಳಿದಿತ್ತು.

ಲಗ್ನಕ್ಕೆ ಕೆಂಪು ಬಾಳೆಗೊನೆ ತರಲು ಅವನು ಕರೀಂಸಾಬನ ಟಾಂಗಾದಲ್ಲಿ ಕಮಲಾಪುರಕ್ಕೆ ಹೊರಟ. ಅದು ಅವನು ಹುಟ್ಟಿದ ಊರು. ಐದು ವರ್ಷದವನಿದ್ದಾಗ ಅವನನ್ನು ಗಾಜಿಪುರದ ಮನೆಗೆ ದತ್ತು ಕೊಟ್ಟು ದುಂಡಮ್ಮನ ಉಡಿಗೆ ಹಾಕಿದ್ದರು. "ಇವತ್ತಿನಿಂದ ನಿನ್ನ ಎಲುಬು, ರಕ್ತ ಎಲ್ಲಾ ಈ ಮನೀದು" ಎಂದು ಹಿರಿಯರು ಹೇಳಿದ್ದನ್ನು ಅವನು ನಂಬಿದ್ದ. ಮನೆಯವರೂ ನಂಬಿದ್ದರು. ಆ ಮನೆಯ ಸಾವುಗಳೂ ತನ್ನವೇ ಎಂದುಕೊಂಡಿದ್ದ.

"ನಿಮ್ಮಪ್ಪ ಪೀರಪ್ಪ ಇನ್ನೂ ಗೊನಿ ಹೊರತಾನ ನೋಡ್ರಿ, ಎಂಬತ್ತೆಂಟರಾಗ!" ಎಂದ ಕರೀಂಸಾಬ್.

"ನಮ್ಮಪ್ಪ ಸತ್ತು ಇಪ್ಪತ್ತೈದು ವರ್ಷಾತು."

"ಅರೇ ಭಾಯಿ, ಹುಟ್ಟಿಸಿದಾಂವಂದು ಹೇಳಾಕತ್ತೀನಿ. ಈ ಕುದುರಿ ತಗೋಳಾಕ ನಾ ಇದರ ತಾಯೀನ ನೋಡಿದ್ದೆ. ಮಾಲಕ ಬದಲಾದ್ರ ಕುದುರಿ ಕಾಲು ಬದಲಾಗ್ತಾವೇನು?"

ಆ ಮಾತು ದಾರಿಯುದ್ದಕ್ಕೂ ಕಾಶಿರಾಯನನ್ನು ಕೊರೆಯಿತು.

ತೋಟದಲ್ಲಿ ಪೀರಪ್ಪ ಗೊನೆ ಕಡಿಯುತ್ತಿದ್ದ. ಬಾಯಿ ತುಂಬ ಹಲ್ಲು. ಅವನ ಅಣ್ಣ ತೊಂಬತ್ತೊಂದಕ್ಕೆ, ಅಕ್ಕ ತೊಂಬತ್ನಾಲ್ಕಕ್ಕೆ ಹೋದವರಂತೆ. ಕಾಶಿರಾಯ ಅವನ ಹತ್ತಿರ ಸರಿದು ಕೇಳಿದ.

"ನಾ ನಿಮ್ಮ ರಕ್ತ ಹೌದಲ್ರೀ? ನನಗೂ ನಿಮ್ಮಷ್ಟ ಆಯುಷ್ಯ ಇರ್ತದಲ್ರೀ?"

ಪೀರಪ್ಪ ಕುಡುಗೋಲು ಕೆಳಗಿಟ್ಟು ಅವನ ಮುಖ ನೋಡಿದ.

"ಕಿವಿ ನಂದು. ಮೂಗು ನಿಮ್ಮವ್ವಂದು. ಆಕೀ ತವರಿನವರು ಯಾರೂ ಐವತ್ತು ಕಂಡಿಲ್ಲಪಾ. ನಿಮ್ಮಣ್ಣ ನನ್ನಂಗ ಗಟ್ಟಿ ಅದಾನ. ತಮ್ಮ ಮೂವತ್ತಾರಕ್ಕ ಹೋದ. ಇಬ್ಬರೂ ಒಂದ ಗಡಿಗ್ಯಾಗಿನ ಅಂಬಲಿ ಕುಡದವರು. ನೀ ಯಾರ ಕಡೆ ಹೋಗೀದಿ ಅಂತ ನಾ ಹೆಂಗ ಹೇಳ್ಲಿ?"

ಗೊನೆ ಕೊಳ್ಳುವುದನ್ನು ಬಿಟ್ಟು ಕಾಶಿರಾಯ ಟಾಂಗಾ ಹತ್ತಿದ. ಇಷ್ಟು ವರ್ಷ ಸಾವಿಗೆ ಒಂದು ಗಡುವಾದರೂ ಇತ್ತು. ಈಗ ಅದೂ ಇಲ್ಲ. ನಾಳೆಯೇ ಇರಬಹುದು, ಇನ್ನು ನಲವತ್ತು ವರ್ಷಕ್ಕಾದರೂ ಇರಬಹುದು. ಹಗುರಾಗಬೇಕಿದ್ದ ಮನಸ್ಸು ಮತ್ತಷ್ಟು ಚಡಪಡಿಸಿತು. ಒಂದು ಮಾತ್ರ ಸ್ಪಷ್ಟವಾಗಿತ್ತು: ಇಲ್ಲದ ಗಡುವಿಗೆ ಹೆದರಿ ತಾನು ಕೂಸನ್ನು ದಾಟಿಸಲು ಹೊರಟಿದ್ದ.

ಮರುದಿನ ಮಧ್ಯಾಹ್ನ ಮನೆ ಮುಟ್ಟಿದಾಗ ದುಂಡಮ್ಮ ಲಗ್ನದ ಶಾವಿಗೆ ಒಣಹಾಕುತ್ತಿದ್ದಳು.

"ಯವ್ವಾ, ಲಗ್ನ ಈಗ ಬ್ಯಾಡ. ಅನ್ನಮ್ಮ ಇನ್ನಷ್ಟು ದೊಡ್ಡಾಕಿ ಆಗ್ಲಿ."

"ತಲಿ ಕೆಟ್ಟದೇನೋ? ನಮ್ಮ ಮನೀ ಗಂಡಸೂರು ಎಷ್ಟು ದಿನ ಇರ್ತಾರಂತ..." ದುಂಡಮ್ಮ ಅಲ್ಲಿಗೇ ತುಟಿ ಕಚ್ಚಿದಳು.

"ನಾ ಆ ಗಂಡಸೂರಿಗೆ ಹುಟ್ಟಿದಾಂವ ಅಲ್ಲಬೇ."

ಮೂವತ್ತೆಂಟು ವರ್ಷದಲ್ಲಿ ಈ ಮಾತು ಆ ಮನೆಯೊಳಗೆ ಬಂದಿರಲಿಲ್ಲ. ಆಡಿದ ಕೂಡಲೇ ಅದನ್ನು ಹಿಂದಕ್ಕೆ ನುಂಗಬೇಕೆನಿಸಿತು ಅವನಿಗೆ. ದುಂಡಮ್ಮನ ಕೈಯೊಳಗಿನ ಶಾವಿಗೆ ಪುಡಿಯಾಯಿತು.

"ಹಂಗಂದ್ರ ನಾ ನಿನಗ ಯಾರು?"

ಅವನು ಬಗ್ಗಿ ಶಾವಿಗೆಯ ಚೂರುಗಳನ್ನು ಆಯತೊಡಗಿದ. ಅಂಗಳದಿಂದ ಅನ್ನಮ್ಮ ಗೆಳತಿಯರೊಡನೆ ಜಗಳವಾಡುವುದು ಕೇಳುತ್ತಿತ್ತು.

"ಅವರಿಗೆ ಹುಟ್ಟಿದಾಂವ ಅಲ್ಲ ಅಂದೀದಿ. ಈಗ ಬದುಕಿ ತೋರಿಸು," ಎಂದಳು ದುಂಡಮ್ಮ, ತಲೆ ಎತ್ತದೆ. "ಹೋಗು, ಬೀಗರಿಗೆ ನೀನ ಹೇಳಿ ಬಾ. ನನ್ನ ಬಾಯಿಂದ ಆಗೂದಿಲ್ಲ."

ಕಾಶಿರಾಯ ಚಪ್ಪಲಿ ಮೆಟ್ಟಿ ಬೀಗರ ಮನೆಯ ಕಡೆ ನಡೆದ.