ಒಂಬತ್ತು ಕೊನೆಯ ಅಧ್ಯಾಯಗಳು

ಒಂಬತ್ತು ಪುಸ್ತಕ ತಿದ್ದಿದ್ದೇನೆ, ಒಂದರ ಕಥೆಯೂ ನನಗೆ ನೆಟ್ಟಗೆ ಗೊತ್ತಿಲ್ಲ. ಇದನ್ನು ಡೈರಿಯಲ್ಲಿ ಬರೆದು, ಯಾರಾದರೂ ಓದಿಯಾರೆಂದು ಹೊಡೆದುಹಾಕಿ, ಮತ್ತೆ ಬರೆದೆ. ಪದವಿ ಮುಗಿಸಿದವಳು, ಮೂರು ಹೊತ್ತೂ ಪುಸ್ತಕದಲ್ಲೇ ಮುಳುಗಿರುತ್ತಾಳೆ ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಅವರಲ್ಲೊಬ್ಬರು "ಹೌದಾ, ಏನಿದೆಯಮ್ಮ ಅದರಲ್ಲಿ?" ಎಂದು ಕೇಳಿಬಿಟ್ಟರೆ ನನ್ನ ಬಣ್ಣ ಬಯಲಾಗುತ್ತದೆ.

ಕೆಲಸದ ರೀತಿಯೇ ಹಾಗೆ. ಕಣ್ಣು ಕಾಣದವರಿಗೆ ಪುಸ್ತಕ ಒದಗಿಸುವ ಕೇಂದ್ರವೊಂದಕ್ಕೆ ನಾನು ಸಂಬಳವಿಲ್ಲದೆ ದುಡಿಯುತ್ತೇನೆ. ಅಲ್ಲಿ ಸ್ಕ್ಯಾನರ್ ಅಣ್ಣ ಎಂದು ನಾವೆಲ್ಲ ಕರೆಯುವವರು ಪುಸ್ತಕದ ಬೆನ್ನು ಕತ್ತರಿಸಿ, ಹಾಳೆ ಬಿಡಿಸಿ, ಒಂದೊಂದಾಗಿ ಯಂತ್ರಕ್ಕೆ ಉಣಿಸುತ್ತಾರೆ. ಯಂತ್ರ ಹಾಳೆಯ ಚಿತ್ರವನ್ನು ನೋಡಿ ತನಗೆ ತೋಚಿದ ಹಾಗೆ ಅಕ್ಷರ ಬರೆಯುತ್ತದೆ. ಸೊಳ್ಳೆ ಸತ್ತ ಕಲೆಯನ್ನೂ ಬಿಡುವುದಿಲ್ಲ. ಪರದೆಯ ಎಡಕ್ಕೆ ಹಾಳೆ, ಬಲಕ್ಕೆ ಅದು ಬರೆದದ್ದು. ಎರಡನ್ನೂ ಹೋಲಿಸಿ ತಿದ್ದುವುದು ನನ್ನ ಪಾಲು. ತಿದ್ದಿದ್ದನ್ನು ಫೋನಿನ ದನಿ ಓದಿ ಹೇಳುತ್ತದೆ.

ಕೇಂದ್ರದ ಮೇಡಂಗೆ ನಾವು ಇಟ್ಟ ಹೆಸರು ಅಲ್ಪವಿರಾಮ. ಅದೊಂದು ಬಿಟ್ಟುಹೋದರೂ ಫೋನ್ ಮಾಡುತ್ತಾರೆ. ಮೊದಲ ದಿನವೇ ಅವರು ಹೇಳಿದ್ದರು: "ಕಥೆ ಓದೋಕೆ ಹೋದ್ರೆ ಕಣ್ಣು ಜಾರುತ್ತೆ ಕಣಮ್ಮ. ಕೊನೇ ಪುಟದಿಂದ ಹಿಂದಕ್ಕೆ ಬಾ. ಯಾರು ಸತ್ರು, ಯಾರು ಮದುವೆಯಾದ್ರು ಅನ್ನೋದು ತಲೆಗೆ ಹೋಗಲ್ಲ. ತಪ್ಪು ಮಾತ್ರ ಕಾಣುತ್ತೆ."

ಈ ಕೆಲಸಕ್ಕೆ ನಾನು ಸೇರಿದ್ದು ಅತ್ತೆಗಾಗಿ.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆ ಮಾಡಿಕೊಳ್ಳಲಿಲ್ಲ, ಮೂವತ್ತು ವರ್ಷ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ನಡೆಸಿದಳು. ಕೋಟು, ಪರದೆ, ಶಾಲೆಯ ಸಮವಸ್ತ್ರ, ಏನು ಕೊಟ್ಟರೂ ಸೈ. ಒಂದು ಕಾಲು ಯಂತ್ರದ ಮೇಲೆ, ಒಂದು ಕಣ್ಣು ಕಾದಂಬರಿಯ ಮೇಲೆ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಐದು ತಿಂಗಳ ಹಿಂದೆ ಅವಳ ಕಣ್ಣಿನ ನರಕ್ಕೆ ರಕ್ತ ಹರಿಯುವುದು ನಿಂತಿತು. ಹತ್ತು ದಿನದೊಳಗೆ ಎರಡೂ ಕಣ್ಣು ಹೋದವು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿ ಅಪ್ಪ ಒಬ್ಬರೇ ಡಾಕ್ಟರ ಕೋಣೆಗೆ ಹೋಗಿದ್ದರು. ಹೊರಗೆ ಬಂದವರು ನೇರ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದರು. ನಾನು ಹಿಂದೆಯೇ ಹೋದೆ.

"ಬರಲ್ಲ ಅಂದ್ರು" ಎಂದರು. "ಅಕ್ಕನಿಗೆ ನಾನೇ ಹೇಳ್ತೀನಿ. ನೀನು ಬಾಯಿ ಬಿಡಬೇಡ."

ಬೆಂಚಿನ ಹತ್ತಿರ ಬರುವಷ್ಟರಲ್ಲಿ ಆ ಮಾತು ಬೇರೆಯಾಗಿತ್ತು. "ಆರು ತಿಂಗಳು ಮಾತ್ರೆ ತಗೋಬೇಕಂತೆ ಅಕ್ಕ. ನರ ಚಿಗುರೋಕೆ ಟೈಮ್ ಬೇಕಲ್ಲ."

"ಚಿಗುರೋಕೆ ಅದೇನು ಗುಲಾಬಿ ಗಿಡವಾ?" ಎಂದಳು ಅತ್ತೆ. ಆದರೂ ಅವಳ ಮುಖ ಹಗುರಾದದ್ದನ್ನು ನೋಡಿದೆ. ಅಪ್ಪ ಅಂದಿನಿಂದ ಪ್ರತಿ ಭಾನುವಾರ "ಈ ವಾರ ಹೇಳಿಬಿಡ್ತೀನಿ" ಎನ್ನುತ್ತಾರೆ. ಅವು ಬರೀ ಶಕ್ತಿಯ ಮಾತ್ರೆಗಳು. ಅತ್ತೆ ಒಂದು ಹೊತ್ತೂ ತಪ್ಪಿಸುವುದಿಲ್ಲ.

ಕೇಂದ್ರದ ಪುಸ್ತಕ ಬೇಕಾದರೆ ಕಣ್ಣು ಪೂರ್ತಿ ಹೋಗಿದೆ ಎಂಬ ಡಾಕ್ಟರ ಪ್ರಮಾಣಪತ್ರ ಕೊಡಬೇಕು. ಅಪ್ಪನ ಕಪಾಟಿನಿಂದ ಅದನ್ನು ತೆಗೆದು ನಾನೇ ಕೊಟ್ಟುಬಂದೆ. "ಏನು ಕೇಳಿದ್ರು ಕಣೆ?" ಎಂದು ಅತ್ತೆ ವಿಚಾರಿಸಿದಾಗ, "ಒಂದು ಚೀಟಿ" ಎಂದೆ. ನಾನು ಗುಮ್ಮನಗುಸಕಿ ಎಂದು ಅವಳು ಚಿಕ್ಕಂದಿನಿಂದ ನನ್ನನ್ನು ಗುಮ್ಮಿ ಎನ್ನುತ್ತಾಳೆ. ಮಾತು ಕಡಿಮೆ ಇರುವವರಿಗೆ ಸುಳ್ಳು ಹೇಳುವುದು ಸುಲಭ. ಹೆಚ್ಚು ಕೇಳುವುದಿಲ್ಲ ಯಾರೂ.

ಮೊದಲ ಪುಸ್ತಕವನ್ನು ಅವಳು ಎರಡೇ ದಿನದಲ್ಲಿ ಕೇಳಿ ಮುಗಿಸುತ್ತ ಬಂದಳು. ಕೊನೆಯ ಅಧ್ಯಾಯ ಶುರುವಾಗುವ ಹೊತ್ತಿಗೆ ಫೋನಿನ ದನಿಯನ್ನು ನಿಲ್ಲಿಸಿದಳು.

"ಇದು ಇರ್ಲಿ ಬಿಡೇ ಗುಮ್ಮಿ. ಕಣ್ಣು ಬಂದ್ಮೇಲೆ ನಾನೇ ಓದ್ತೀನಿ. ಈ ಹೆಂಗಸು ಸಾವಿನ ಸುದ್ದೀನೂ ರೈಲು ಹೊರಡೋ ಟೈಮ್ ಹೇಳಿದ ಹಾಗೆ ಹೇಳ್ತಾಳೆ. ಕೊನೆ ಇವಳ ಬಾಯಲ್ಲಿ ಬೇಡ."

ಎರಡನೆಯದಕ್ಕೂ ಹಾಗೇ ಮಾಡಿದಳು. ಮೂರನೆಯದರ ಹೊತ್ತಿಗೆ, ಕತ್ತರಿಸಿದ ಪುಸ್ತಕಗಳ ಹಾಳೆ ಕೇಂದ್ರದಲ್ಲಿ ಏನಾಗುತ್ತದೆ ಎಂದು ಕೇಳಿದಳು. ರದ್ದಿಗೆ ಹೋಗುತ್ತದೆ ಎಂದೆ. "ಹಾಗಾದ್ರೆ ಕೊನೇ ಅಧ್ಯಾಯದ ಹಾಳೆ ಮಾತ್ರ ಕೇಳಿ ತಗೊಂಬಾ."

ಸ್ಕ್ಯಾನರ್ ಅಣ್ಣ ತಕರಾರಿಲ್ಲದೆ ಕೊಟ್ಟರು, ರದ್ದಿಗೆ ಹೋಗದೆ ಉಳಿದಿದ್ದ ಮೊದಲಿನ ಎರಡರದ್ದನ್ನೂ ಸೇರಿಸಿ. "ಏನಮ್ಮ, ಅತ್ತೆ ಬರೀ ಬಾಲ ತಿಂತಾರಾ?" ಎಂದು ನಕ್ಕರು ಅಷ್ಟೆ.

ಹೀಗೆ ಒಂದೊಂದೇ ಕಟ್ಟು ಮನೆಗೆ ಬಂತು. ಅತ್ತೆ ಹಾಳೆಗಳ ಅಂಚನ್ನು ಮೇಜಿಗೆ ತಟ್ಟಿ ಸಮ ಮಾಡಿ, ಬಟ್ಟೆಯ ಪಟ್ಟಿಯಿಂದ ಬಿಗಿದು, ಅಂಗಡಿಯ ಕಪಾಟಿನಲ್ಲಿ ಜೋಡಿಸುತ್ತಾಳೆ. ಅದೇ ಕಪಾಟಿನ ಮೇಲಿನ ಅರೆಯಲ್ಲಿ ಗಿರಾಕಿಗಳು ಕೊಟ್ಟ, ಇನ್ನೂ ಕತ್ತರಿ ಕಾಣದ ಬಟ್ಟೆಗಳಿವೆ. ಬಾಗಿಲಿಗೆ ಬಂದವರಿಗೆ "ಇನ್ನೊಂದು ತಿಂಗಳು ತಡೀರಿ" ಎನ್ನುತ್ತಾಳೆ. ಅವರು ಅವಳ ಹೆಗಲ ಮೇಲಿಂದ ನನ್ನನ್ನು ನೋಡುತ್ತಾರೆ. ನಾನು ನೆಲ ನೋಡುತ್ತೇನೆ.

ಕೋಲು ಹಿಡಿಯಲು ಅವಳು ಒಪ್ಪಲಿಲ್ಲ. ಬಚ್ಚಲಿಗೂ ಅಮ್ಮ ಕೈ ಹಿಡಿದು ಕರೆದೊಯ್ಯಬೇಕು. "ಒಂದೆರಡು ತಿಂಗಳಿಗೆ ಅದೆಲ್ಲ ಯಾಕೆ ಕಲೀಬೇಕು?" ಎನ್ನುತ್ತಾಳೆ. ಕಳೆದ ತಿಂಗಳು ಹೊಸ್ತಿಲು ಎಡವಿ ಬಿದ್ದಾಗಲೂ ಹೀಗೇ ಎಂದಳು, ತುಟಿಯಿಂದ ರಕ್ತ ಒರೆಸಿಕೊಳ್ಳುತ್ತ. ಅವಳೆದುರಿಗೇ ನಾವು ಮೂವರು ಕಣ್ಣಲ್ಲಿ, ಕೈಸನ್ನೆಯಲ್ಲಿ ಮಾತಾಡಿಕೊಳ್ಳುವುದನ್ನು ಕಲಿತುಬಿಟ್ಟಿದ್ದೇವೆ. ಮನೆಯಲ್ಲಿ ಎಲ್ಲರಿಗಿಂತ ನಾನೇ ಚುರುಕು ಅದರಲ್ಲಿ. ಇದನ್ನು ಡೈರಿಯಲ್ಲಿ ಬರೆಯಲು ನನಗೆ ಕೈ ಬರಲಿಲ್ಲ.

ಸೋಮವಾರ ಅಲ್ಪವಿರಾಮ ಮೇಡಂ ಫೋನ್ ಮಾಡಿದರು. ನಾನು ಏನೋ ಬಿಟ್ಟಿದ್ದೇನೆ ಎಂದುಕೊಂಡೆ. ಅದಲ್ಲ. ಕೇಂದ್ರದಲ್ಲಿ ಮೂರು ತಿಂಗಳ ತರಬೇತಿ ಶುರುವಾಗುತ್ತಿತ್ತು: ಕೋಲು ಹಿಡಿದು ಓಡಾಡುವುದು, ಒಲೆ ಹಚ್ಚುವುದು, ಫೋನ್ ಬಳಸುವುದು. "ಹೊಲಿಗೆ ಟೀಚರ್ ಒಬ್ರು ಬರ್ತಾರೆ ಕಣಮ್ಮ. ಅವರಿಗೂ ಕಣ್ಣು ಕಾಣಲ್ಲ. ಬೆರಳಲ್ಲೇ ಕೋಟು ಹೊಲೀತಾರೆ. ನಿಮ್ಮತ್ತೆಗೆ ಅಂತಲೇ ಒಂದು ಸೀಟು ಹಿಡಿದಿದ್ದೀನಿ. ಹನ್ನೆರಡೇ ಇರೋದು. ಶುಕ್ರವಾರ ಐದು ಗಂಟೆ ಒಳಗೆ ಹೂಂ ಅನ್ನಿಸು. ತಪ್ಪಿದ್ರೆ ಮತ್ತೆ ಒಂದು ವರ್ಷ."

ಅಪ್ಪನಿಗೆ ಹೇಳಿದೆ. "ಹೌದಲ್ಲ, ಇದೇ ಸರಿಯಾದ ಸಮಯ" ಎಂದರು. ಮಂಗಳವಾರ ಅವರಿಗೆ ತಲೆನೋವು. ಬುಧವಾರ ಅತ್ತೆಯ ಪಕ್ಕ ಕೂತು ಅರ್ಧ ಗಂಟೆ ಬಾಲ್ಯದ ಮಾತಾಡಿ ಎದ್ದುಬಂದರು. ಗುರುವಾರ ಅಮ್ಮ ಅಡುಗೆಮನೆಯಲ್ಲಿ ನನ್ನನ್ನು ತಡೆದು, "ಹೇಳಿದ್ರೆ ಅವಳು ಉಳಿಯಲ್ಲ ಕಣೆ. ಆ ಆಸೆಯಿಂದಲೇ ಎರಡು ತುತ್ತು ಒಳಗೆ ಹೋಗ್ತಿರೋದು" ಎಂದಳು. ಅವಳು ಹೇಳಿದ್ದೂ ಸುಳ್ಳೇನಲ್ಲ. ನಾನು ತಟ್ಟೆ ಒರೆಸುತ್ತ ನಿಂತೆ.

ಶುಕ್ರವಾರ ಮಧ್ಯಾಹ್ನ ಮೇಡಂ ನನ್ನನ್ನು ನಂಬದೆ ನೇರವಾಗಿ ಅತ್ತೆಗೇ ಫೋನ್ ಮಾಡಿದರು. ಕೋಣೆಗೆ ಹೋದಾಗ ಅತ್ತೆ ಫೋನ್ ಇಟ್ಟು, ಕಪಾಟಿನ ಕಟ್ಟುಗಳನ್ನು ಕೈಯಲ್ಲಿ ತಡವಿ ಎಣಿಸುತ್ತಿದ್ದಳು.

"ಒಂಬತ್ತು" ಎಂದಳು. "ಇನ್ನು ಒಂದು ತಿಂಗಳು. ದಿನಕ್ಕೊಂದರಂತೆ ಓದಿದ್ರೂ ಒಂಬತ್ತು ದಿನದ ಹಬ್ಬ ನಂಗೆ."

ಜಾರಿದ್ದ ಒಂದು ಕಟ್ಟನ್ನು ನಾನು ಒಳಕ್ಕೆ ತಳ್ಳಿದೆ.

"ನಿಮ್ಮ ಮೇಡಂ ಒಳ್ಳೆಯೋರು ಕಣೆ, ಪಾಪ. ನಂಗೆ ಅಂತ ಜಾಗ ಹಿಡಿದಿದ್ರಂತೆ. ನಾನು ಹೋಗಿ ಕೂತ್ರೆ ನಿಜವಾಗಿ ಕಣ್ಣು ಕಳಕೊಂಡಿರೋ ಯಾರಿಗೋ ಅನ್ಯಾಯ ಅಲ್ವಾ? ಯೋಚಿಸಿ ಹೇಳ್ತೀನಿ ಅಂದಿದ್ದೆ. ನೀನೇ ಬರೆದು ಕಳಿಸು, ನಿನ್ನ ಕೈಬರಹ ಅವರಿಗೆ ಅಭ್ಯಾಸ."

"ಫೋನಲ್ಲಿ ಯಾವ ಕೈಬರಹ ಅತ್ತೆ" ಎಂದೆ.

"ಅಬ್ಬ, ಬಾಯಿ ಬಂತು. ಬರಿ."

ಗಡಿಯಾರದಲ್ಲಿ ನಾಲ್ಕೂವರೆ. ಅತ್ತೆ ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಗಿರಾಕಿಗೆ ಅಳತೆ ಹೇಳುವ ದನಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದಳು. ನಾನು ಬೆರಳಾಡಿಸಿದೆ. ಮೇಡಂ ಅವರಿಗೆ ನಮಸ್ಕಾರ. ನನ್ನ ಮೇಲೆ ನೀವು ಇಟ್ಟ ಕಾಳಜಿಗೆ ಋಣಿ. ನನ್ನ ತೊಂದರೆ ತಾತ್ಕಾಲಿಕವಾದದ್ದು, ಆದ್ದರಿಂದ ಈ ಜಾಗವನ್ನು ಇನ್ನೆಂದೂ ಕಾಣಲಾಗದ ಯಾರಿಗಾದರೂ ಕೊಡಿ.

"ಈಗ ಆ ರೈಲಿನ ಹೆಂಗಸಿನ ಕೈಲಿ ಓದಿಸು. ತಪ್ಪಿದ್ರೆ ಆಮೇಲೆ ಆ ಮೇಡಂ ನಿನಗೇ ಬೈತಾರೆ."

ಓದಿಸಿದೆ. ಯಂತ್ರದ ದನಿ ಅಷ್ಟನ್ನೂ ಏರಿಳಿತವಿಲ್ಲದೆ ಹೇಳಿ ಮುಗಿಸಿತು. ಒಂದಕ್ಷರ ತಪ್ಪಿರಲಿಲ್ಲ. ಅತ್ತೆ ತೃಪ್ತಿಯಿಂದ ತಲೆಯಾಡಿಸಿದಳು.

ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಒದ್ದೆ ಕೈಯಲ್ಲೇ. ನನ್ನ ಮುಖದಲ್ಲಿ ಏನು ಕಂಡಳೋ, ಬೇಡ ಬೇಡ ಎಂದು ಎರಡೂ ಅಂಗೈ ಅಲ್ಲಾಡಿಸಿದಳು. ಅವಳ ಬೆರಳಿನಿಂದ ಒಂದೊಂದೇ ಹನಿ ನೆಲಕ್ಕೆ ಬೀಳುತ್ತಿತ್ತು.

"ಯಾಕೆ, ನೆಟ್‌ವರ್ಕ್ ಇಲ್ವಾ?" ಎಂದಳು ಅತ್ತೆ.

"ಇದೆ."

"ಮತ್ತೆ ಕಳಿಸೋಕೆ ಮುಹೂರ್ತ ನೋಡ್ತಿದ್ದೀಯಾ?"

ಕಳಿಸುವ ಗುಂಡಿಯ ಮೇಲೆ ನನ್ನ ಹೆಬ್ಬೆರಳಿತ್ತು. ಅಳಿಸಿಬಿಡಲೇ ಎಂದುಕೊಂಡೆ. ಅಳಿಸಿ, ಕಳಿಸಿದೆ ಎಂದು ಹೇಳಬಹುದಿತ್ತು. ಹೂಂ ಎಂದು ಮೇಡಂಗೆ ನಾನೇ ಬರೆಯಬಹುದಿತ್ತು. ಮತ್ತೊಂದು ಚೀಟಿ, ಮತ್ತೊಂದು ಸುಳ್ಳು. ಆಮೇಲೆ ತರಬೇತಿಗೆ ಅವಳನ್ನು ಏನೆಂದು ಹೇಳಿ ಎಬ್ಬಿಸುವುದು? ಫೋನನ್ನು ಹೊಲಿಗೆ ಯಂತ್ರದ ಮೇಲೆ ಬೋರಲು ಇಟ್ಟೆ.

ಸದ್ದಿಗೆ ಅತ್ತೆ ಮುಖ ಇತ್ತ ತಿರುಗಿಸಿದಳು, ನಾನಿದ್ದ ಜಾಗಕ್ಕಿಂತ ಒಂದು ಮೊಳ ಆಚೆಗೆ. "ಏನೇ ಗುಮ್ಮಿ?"

ನಾನು ಅವಳ ಮುಖದೆದುರಿಗೆ ಬರುವಂತೆ ಸರಿದು ನೆಲದ ಮೇಲೆ ಕೂತೆ.

"ಅತ್ತೆ, ನಿನ್ನ ಕಣ್ಣು ಇನ್ನು ಬರೋದಿಲ್ಲ. ಡಾಕ್ಟರು ಹೇಳಿ ಐದು ತಿಂಗಳಾಯ್ತು."